ಗುರುಶಾಂತವ್ವ ಮುಚ್ಚಿದ ಬಾವಿ

ಬನವಾಸಿಯ ಹತ್ತಿರದ ನಮ್ಮ ಶಾಲೆಗೆ ನೀರು ತರುತ್ತಿದ್ದವಳು ಗುರುಶಾಂತವ್ವ. ವಿಧವೆ. ಮಕ್ಕಳ ಬೊಗಸೆಗೆ ತಾನೇ ನೀರು ಹೊಯ್ದು ಕುಡಿಸುತ್ತಿದ್ದ ಅಕ್ಕರೆಯ ಹೆಂಗಸು. ಅವಳ ಮನೆಗೂ ಗಂಡನ ಅಣ್ಣ ಶಿವಪುತ್ರಪ್ಪನ ಮನೆಗೂ ನಡುವೆ ಒಂದೇ ಬಾವಿ. ಪಾಲಾದಾಗ ಹಿರಿಯರು ಮನೆ, ಹೊಲ ಹಂಚಿದರು. ಬಾವಿಗೆ ಮಾತ್ರ ನೀರು ಸೇದಲು ಎರಡು ಕಡೆ ಎರಡು ಗಡಗಡಿ ಹಾಕಿಸಿಕೊಟ್ಟರು.

೧೯೬೭ರ ಸುಗ್ಗಿಯಲ್ಲಿ ಅವಳ ಒಬ್ಬನೇ ಮಗ ಮಧುಕೇಶ್ವರನ ಕಾಲಿಗೆ ಕೊಡಲಿ ಬಿದ್ದಿತು. ಶಿರಸಿಗೆ ಒಯ್ಯಲು ಗಾಡಿ ಕೇಳಿದರೆ, ಒಕ್ಕಣೆ ಮುಗಿಯಲಿ ಎಂದು ಶಿವಪುತ್ರಪ್ಪ ಎತ್ತು ಬಿಡಲಿಲ್ಲ. ದಿನಗಳು ಕಳೆದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗಾಯದ ತುಂಬ ಹಸಿರು ಕೀವು. ಹುಡುಗ ಉಳಿಯಲಿಲ್ಲ. ಭಾವನಿಗೆ ಏನು ಮಾಡಲಿ ಎಂಬ ಒಂದೇ ಯೋಚನೆಯಲ್ಲಿ ತಾಯಿ ಸೊರಗಿದಳು.

ಮರುವರ್ಷ ನನ್ನ ಹಳೆಯ ಶಿಷ್ಯ ದಿನಕರ ರಜೆಗೆ ಬಂದ. ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಅವನ ಕೆಲಸ. ಆ ಹಸಿರು ಕೀವಿನ ಹುಳವನ್ನು ಕೊಲ್ಲುವುದು ಏನಾದರೂ ಉಂಟೇ ಎಂದು ಗುರುಶಾಂತವ್ವ ಕೇಳಿದಳು. ಅದರ ದಾಯಾದಿಗಳೇ ಕೊಲ್ಲುತ್ತವೆ ಎಂದು ದಿನಕರ ವಿವರಿಸಿದ. ಆ ಜಾತಿಯ ರೋಗಾಣು ತನ್ನೊಳಗೇ ಪ್ರೋಟೀನಿನ ಆಯುಧ ಕಟ್ಟುತ್ತದೆ. ನಡುವೆ ಗಟ್ಟಿ ಕೊಳವೆ, ಸುತ್ತ ಸೆಟೆದು ನಿಂತ ಕವಚ, ಬುಡದಲ್ಲಿ ಎಳೆಯಂಥ ಕಾಲುಗಳು. ಕಾಲುಗಳು ವೈರಿಯ ಮೈಯನ್ನು ಗುರುತಿಸಿ ಕಚ್ಚಿಕೊಂಡೊಡನೆ ಕವಚ ಕುಗ್ಗಿ ಕೊಳವೆ ಒಳಗೆ ನಾಟುತ್ತದೆ. ಆ ತೂತಿನಿಂದ ವೈರಿಯ ಕಸುವೆಲ್ಲ ಸೋರಿಹೋಗುತ್ತದೆ. ಒಂದೇ ಏಟು ಸಾಕು. ಆದರೆ ಆಯುಧ ಹೊರಬೀಳಬೇಕಾದರೆ ಕಟ್ಟಿದ ರೋಗಾಣು ತನ್ನ ಮೈಯನ್ನೇ ಒಡೆದುಕೊಳ್ಳಬೇಕು.

"ತಾನೂ ಸಾಯ್ತೈತೇನು?"

"ಸಾಯ್ತದೆ, ಅಕ್ಕ. ಅದರ ಸ್ವಂತ ಬಳಗಕ್ಕೆ ಆ ಆಯುಧ ತಾಗೋದಿಲ್ಲ. ಅವು ಬದುಕ್ತವೆ."

"ನನ್ನ ಬಳಗ ಒಬ್ಬನ ಇದ್ದ, ತಮ್ಮಾ" ಎಂದು ಅವಳು ಕೊಡ ಎತ್ತಿಕೊಂಡು ಹೋದಳು.

ಶಿವಪುತ್ರಪ್ಪ ಬಾವಿಯ ನೀರನ್ನೇ ನಂಬಿ ವೀಳ್ಯದ ಎಲೆಬಳ್ಳಿ ಬೆಳೆಸಿದ್ದ. ಅವನ ಮನೆಯವರೆಲ್ಲ ನೆಂಟರ ಮದುವೆಗೆ ಹೋದಾಗ ಗುರುಶಾಂತವ್ವ ತನ್ನ ಮನೆಯ ಹಿಂದಿನ ಗೋಡೆ ಕೆಡವಿ, ಕಲ್ಲುಮಣ್ಣನ್ನೆಲ್ಲ ಬಾವಿಗೆ ಸುರಿದಳು. ಮರಳಿ ಬಂದ ಭಾವ ಬಗ್ಗಿ ನೋಡಿ, ಹುಚ್ಚಿ, ನೀನು ಕುಡಿಯುವುದೂ ಇದೇ ನೀರಲ್ಲವೇ ಎಂದು ಕೂಗಾಡಿದ.

"ಗಾಡಿ ಹೂಡ್ರಿ, ಭಾವ. ಕೆರಿ ದೂರ ಐತಿ."

ಆ ಬೇಸಿಗೆಯೆಲ್ಲ ಅವಳು ಕೆರೆಯಿಂದಲೇ ಶಾಲೆಗೆ ನೀರು ಹೊತ್ತಳು. ನಾನು ಬೇಡವೆಂದರೂ ಕೇಳಲಿಲ್ಲ. ಬರುವಾಗ ದಾರಿ ಬಳಸಿ ಶಿವಪುತ್ರಪ್ಪನ ಬೇಲಿಯ ಮುಂದೆ, ತುಂಬಿದ ಕೊಡ ತಲೆಯ ಮೇಲಿರುವಂತೆಯೇ, ನಿಂತು ನೋಡುತ್ತಿದ್ದಳು. ಬಳ್ಳಿಯ ಕೊನೆಯ ಎಲೆ ಒಣಗಿ ಉದುರುವವರೆಗೂ ಆ ದಾರಿಯನ್ನು ಬಿಡಲಿಲ್ಲ.