ನೀರ ಮೇಲೆ ಹರಿದ ಪರೆ

ಮೊಮ್ಮಗಳು ಬರ್ಫಿ ತಂದಿದ್ದಳು. ಒಂದರ ಮೇಲೆ ಬೆಳ್ಳಿ ರೇಕು ಸರಿಯಾಗಿ ಅಂಟದೆ ಅಂಚು ಎದ್ದಿತ್ತು. ನನ್ನ ಉಸಿರು ತಾಗಿ ನಡುಗಿತು ನೋಡಿ, ತಟ್ಟನೆ ಉಸಿರು ಬಿಗಿಹಿಡಿದೆ. "ಅಜ್ಜಿ, ಎದೆ ನೋವಾ?" ಅಂತ ಹೆದರಿದಳು. ಇಲ್ಲ ಕಣೆ, ಹಳೇ ಕೆಲಸದ ಚಾಳಿ.

ಪೀಣ್ಯದಲ್ಲಿ ಒಂದು ಶೆಡ್ಡಿತ್ತು. ಗುಡಿಸೋಕೆ ಅಂತ ಸೇರಿದವಳು ನಾನು. ಅಣು ವಿಜ್ಞಾನಿಗಳ ಪ್ರಯೋಗಕ್ಕೆ ಅಲ್ಲಿ 'ಟಾರ್ಗೆಟ್' ಮಾಡ್ತಿದ್ರು. ಪೊಲೀಸರು ಗುಂಡು ಹೊಡೆದು ಕಲಿಯೋ ಹಲಗೆ ಇರಬೇಕು ಅಂತ ಬಹಳ ದಿನ ಅಂದ್ಕೊಂಡಿದ್ದೆ. ನೋಡಿದ್ರೆ ಉಗುರಗಲದ ಲೋಹದ ಪರೆ, ಊದಿದ್ರೆ ಹರಿಯೋದು. ಅದಕ್ಕೆ ಕಣ್ಣಿಗೆ ಕಾಣದ ಕಣಗಳನ್ನ ದೊಡ್ಡ ಮಿಷಿನ್ನಲ್ಲಿ ಹೊಡೆದು, ಏನು ಸಿಡಿಯುತ್ತೆ ಅಂತ ನೋಡ್ತಾರಂತೆ. ನನಗೆ ಗೊತ್ತಿರೋದು ಇಷ್ಟೇ. ಜಾಸ್ತಿ ಬೇಕಾದ್ರೆ ಓದಿದವರನ್ನ ಕೇಳಿ.

ನನ್ನ ಜೊತೆ ಕೆಲಸಕ್ಕಿದ್ದ ಸರೋಜ ಗಾಜಿನ ಮೇಲೆ ತೆಳ್ಳಗೆ ಸೋಪು ಹಚ್ಚೋಳು. ಅದರ ಮೇಲೆ, ಶೆಡ್ ನಡೆಸ್ತಿದ್ದ ಸಾರ್ ಲೋಹದ ಆವಿ ಕೂರಿಸೋರು. ಆಮೇಲೆ ಆ ಗಾಜನ್ನ ಓರೆಯಾಗಿ ನೀರಿಗಿಳಿಸೋದು ನನ್ನ ಕೆಲಸ. ಸೋಪು ಕರಗಿ ಪರೆ ಬಿಟ್ಟುಕೊಂಡು ತೇಲುತ್ತೆ. ನಡುವೆ ತೂತಿರೋ ತಗಡಿನಿಂದ ಅದನ್ನ ಕೆಳಗಿಂದ ಎತ್ತಬೇಕು. ಫ್ಯಾನ್ ಹಾಕಂಗಿಲ್ಲ, ಸೀನಂಗಿಲ್ಲ. ಕೈ ನಡುಗಲ್ಲ ಅಂತ ಪೊರಕೆ ಬಿಡಿಸಿ ನನ್ನ ಅಲ್ಲಿ ಕೂರಿಸಿದ್ರು. ಜಂಬ ಬಂದಿತ್ತು. ಗೇಟಿನ ವಾಚ್‌ಮನ್‌ಗೂ ಸರಿಯಾಗಿ ಉತ್ತರ ಕೊಡ್ತಿರಲಿಲ್ಲ.

ತೇಲಿಸೋ ದಿನ ತಲೆಗೆ, ಕೈಗೆ ಎಣ್ಣೆ ಮುಟ್ಟಿಸಬಾರದು. ಒಂದು ಚುಕ್ಕೆ ನೀರಿಗೆ ಬಿದ್ರೂ ಹರಡಿ ಪರೆನ ತಳ್ಳಿಬಿಡುತ್ತೆ. ಒಂದು ಸಲ ಪರದೇಶದಿಂದ ಚಿಟಿಕೆಯಷ್ಟೇ ಅಪರೂಪದ ಲೋಹ ಬಂದಿತ್ತು. ಅವತ್ತು ಬೆಳಿಗ್ಗೆ, ನೀರಲ್ಲಿ ನೆಂದು ಒಡೆದಿದ್ದ ಕೈಗೆ ಕೊಬ್ಬರಿ ಎಣ್ಣೆ ಸವರಿದ್ದೆ. ಸೆರಗಲ್ಲಿ ಒರೆಸಿದೀನಲ್ಲ, ಸಾಕು ಅಂದ್ಕೊಂಡೆ. ಪರೆ ನೀರಿಗಿಳಿದದ್ದೇ ತಡ, ಮುದುರಿ ಚೂರುಚೂರಾಯ್ತು.

ಸಾರ್ ಸರೋಜನ ಕಡೆ ತಿರುಗಿದ್ರು. "ಸೋಪು ಸರಿಯಾಗಿ ಹಚ್ಚಿಲ್ಲ ನೀನು."

"ಹಚ್ಚಿದೀನಿ ಸಾರ್."

"ಮತ್ತೆ ಹೆಂಗಮ್ಮ ಹರೀತು? ನೀರು ಕಚ್ತಾ?"

ನಾನು ಬಾಯಿ ಬಿಡಲಿಲ್ಲ. ಹೆದರಿದ್ದೆ ಅಂತ ಹೇಳ್ಕೋಬಹುದು. ಮತ್ತೆ ಪೊರಕೆ ಹಿಡಿಯೋಕೆ ಮನಸ್ಸಿರಲಿಲ್ಲ, ಅದೇ ನಿಜ.

ನಾಳೆಯಿಂದ ಬರಬೇಡ ಅಂತ ಅವಳಿಗೆ ಹೇಳಿ ಸಾರ್ ಆಚೆ ಹೋದ್ರು. ಸರೋಜ ಊಟದ ಡಬ್ಬಿ ಎತ್ಕೊಂಡು ನನ್ನ ಪಕ್ಕ ಬಂದು ನಿಂತಳು. ಮೆಲ್ಲಗೆ ಅಂದಳು: "ಅಕ್ಕ, ನಿನ್ ಕೈ ಎಣ್ಣೆ ವಾಸನೆ ಹೊಡೀತದೆ. ಸಾರ್ ಬರೋದ್ರೊಳಗೆ ತೊಳ್ಕೊ ಹೋಗು."

ಹೋಗಿ ತೊಳ್ಕೊಂಡೆ. ಆಮೇಲೂ ಎಷ್ಟೋ ವರ್ಷ ಅಲ್ಲೇ ದುಡಿದೆ.

ಇವತ್ತು ಬರ್ಫಿ ಅಲ್ಲೇ ಬಿಟ್ಟು, ಹಳೇ ಕೆಲಸದವರನ್ನ ಕೇಳಿ ಸರೋಜನ ನಂಬರು ಹುಡುಕಿಸಿದೆ. ಆನೇಕಲ್‌ನಿಂದ ಅವಳ ಮಗಳು ಮಾತಾಡಿದಳು. ಸರೋಜ ತೀರಿಕೊಂಡು ಮೂರು ವರ್ಷವಂತೆ. ನಾನು ಯಾರು ಅಂತ ಹೇಳಿದ್ದೇ ತಡ, ಆ ಹುಡುಗಿಗೆ ಖುಷಿಯಾಗಿಬಿಡ್ತು.

"ಅಮ್ಮಂಗೆ ಆ ಕೆಲಸ ಅಂದ್ರೆ ಪ್ರಾಣ ಆಂಟಿ. ಯಾಕೆ ಬಿಟ್ರು ಅಂತ ಮಾತ್ರ ಕೊನೇವರೆಗೂ ಹೇಳಲಿಲ್ಲ. ನಿಮಗೇನಾದ್ರೂ ಗೊತ್ತಾ?"

"ಗೊತ್ತು," ಅಂದೆ. "ಫೋನಲ್ಲಿ ಬೇಡ. ನಾಳೆ ಬಂದು ಬಾಗಿಲಲ್ಲೇ ನಿಂತು ಹೇಳ್ತೀನಿ. ಕೇಳಿದ ಮೇಲೆ ಒಳಗೆ ಕರೆಯೋದೋ ಬಿಡೋದೋ, ನೀನೇ ನೋಡು."