ಗಾಲಿಗೆ ಹಚ್ಚಿದ ಕೋಡಿನ ಬಣ್ಣ

ಕೂತಲ್ಲಿ ಕೂಡುವ ಜಾಯಮಾನ ನನ್ನದಲ್ಲ. ಮದುವೆಯಾಗಿ ಉಗಾರ ಬುದ್ರುಕಕ್ಕೆ ಬಂದ ಹೊಸದರಲ್ಲೇ ಅತ್ತೆ ನೆರೆಮನೆಯವರೆದುರು, “ಇಕಿ ಕಾಲಾಗ ಗಾಲಿ ಅದಾವ ನೋಡ್ರಿ” ಎಂದಿದ್ದರು. ಹೊಗಳಿದರೋ ತೆಗಳಿದರೋ ಇವತ್ತಿಗೂ ಗೊತ್ತಿಲ್ಲ. ಅತ್ತೆ ಈಗಿಲ್ಲ. ಮನೆಯಲ್ಲಿರುವುದು ಮಾವ, ನಾನು, ಮತ್ತು ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮುಸುಕು ಹಾಕಿಕೊಳ್ಳುವ ನನ್ನ ಗಂಡ. ಹೊಲದ ಉಸಾಬರಿ ಪೂರಾ ನನ್ನದು. ಅದಕ್ಕೆ ಜೊತೆಗಿರುವುದು ನಾಲ್ಕೂ ಗಾಲಿಯಿಂದ ಎಳೆಯುವ ನಮ್ಮ ಹಳೆಯ ಫೋರ್‌ವ್ಹೀಲ್ ಜೀಪುಗಾಡಿ.

ಮನೆಯ ಕೊನೆಯ ಜೋಡಿ ಎತ್ತು ಮಾರಿದ ವರ್ಷವೇ ಆ ಗಾಡಿ ಬಂತು. ಮಾವನವರ ಮೊಣಕಾಲು ಸೋತಿದ್ದವು, ಎತ್ತುಗಳ ಹಿಂದೆ ನಡೆಯುವುದು ಆಗುತ್ತಿರಲಿಲ್ಲ. ಎತ್ತು ಮಾರಿದ ದಿನ ಅವರು ಊಟ ಮಾಡಲಿಲ್ಲ. ನಿಪ್ಪಾಣಿಯಿಂದ ಗಾಡಿ ತಂದು ನಿಲ್ಲಿಸಿದಾಗ ಅದರ ಹತ್ತಿರವೂ ಸುಳಿಯಲಿಲ್ಲ. ಆದರೆ ಮೊದಲ ಮಳೆಯಲ್ಲಿ ಅದು ಎರೆಮಣ್ಣಿನ ಕೆಸರಿನಿಂದ ಗೊಬ್ಬರದ ಟ್ರೇಲರ್ ಎಳೆದುಕೊಂಡು ಮೇಲೆ ಬಂದಾಗ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, “ಜೀವ ಐತಿ ಇದಕ್ಕ” ಎಂದರು. ಅವತ್ತಿನಿಂದ ಅವರ ಬಾಯಲ್ಲಿ ಅದು ಎತ್ತೇ ಆಯಿತು.

ಕಾರ ಹುಣ್ಣಿಮೆಗೆ ನಮ್ಮ ಕಡೆ ಎತ್ತುಗಳ ಮೈ ತೊಳೆದು, ಕೋಡು ಹೆರೆದು ನಯ ಮಾಡಿ, ಬಣ್ಣ ಹಚ್ಚುತ್ತಾರೆ. ಹೋದ ವರ್ಷದ ಹುಣ್ಣಿಮೆಯ ದಿನ ಮಾವ ಅಟ್ಟದಿಂದ ಬಣ್ಣದ ಡಬ್ಬಿ ಇಳಿಸಿಕೊಂಡು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. “ಎತ್ತ ಹೋದ್ವು ಅಂತ ಹಬ್ಬಾ ಹೋಗತೈತೇನ?” ಎಂದರು. ಗಾಡಿಗೆ ಕೋಡೆಲ್ಲಿಂದ ಬರಬೇಕು? ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಹೊರಕ್ಕೆ ಚಾಚಿಕೊಂಡ ಭಾಗ ಕಂಡಿತು. ಅದಕ್ಕೇ ಕೆಂಪು ಬಣ್ಣ ಹಚ್ಚಿ, ಸುತ್ತ ಹಳದಿ ಬಳೆ ಬರೆದರು. ಗೆರೆ ಅಲ್ಲಲ್ಲಿ ಸೊಟ್ಟಗಿತ್ತು, ಆದರೂ ಚೆಂದ ಕಾಣುತ್ತಿತ್ತು. ನಾನು ಫೋಟೋ ತೆಗೆದು ಗಂಡನಿಗೆ ಕಳಿಸಿದೆ.

ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದ ಮೇಲೆ ತಕರಾರು ಶುರುವಾಯಿತು. ಹೊಲದ ದಾರಿಯಲ್ಲಿ ಮುಂದಿನ ಗಾಲಿಗಳಿಗೂ ಬಲ ಕೊಡುವ ಸಣ್ಣ ಗೇರು ಹಾಕಿದೆ. ಡ್ಯಾಶಿನ ಮೇಲೆ ಫೋರ್‌ವ್ಹೀಲಿನ ದೀಪ ಹತ್ತಿತು. ಗಾಡಿ ಮಾತ್ರ ನಿಂತಲ್ಲೇ ಕೆಸರು ಕಡೆಯಿತು. ಹೇಗೋ ಪಾರಾಗಿ ಐನಾಪುರದ ಮೆಕ್ಯಾನಿಕ್‌ನ ಹತ್ತಿರ ಒಯ್ದೆ. ಅವನು ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, “ಅಕ್ಕಾರ, ಗೇರ್ ಬೀಳತೈತಿ, ಲೈಟ್ ಹತ್ತತೈತಿ, ಗಾಡಿ ಏಕದಮ್ ಬರೋಬರ್ ಐತ್ರಿ” ಎಂದ. ಡಾಂಬರಿನ ಮೇಲೆ ಯಾವ ಗಾಡಿ ಬರೋಬರ್ ಇರುವುದಿಲ್ಲ ಹೇಳಿ! ಮನೆಗೆ ಬಂದೆ. ಮನಸ್ಸಿನೊಳಗಿನ ಹುಳ ಮಾತ್ರ ಕೊರೆಯುತ್ತಲೇ ಇತ್ತು. ಗಂಡ ಮಲಗಿದ್ದಾಗ ನಾನು ಅಂಗಳದಲ್ಲಿ ಗಾಡಿಯ ಸುತ್ತ ತಿರುಗುತ್ತಿದ್ದೆ, ಬಾಗಿ ಕೆಳಗೆ ನೋಡುತ್ತಿದ್ದೆ, ಏನೂ ತಿಳಿಯದೆ ಏಳುತ್ತಿದ್ದೆ.

ಆಮೇಲೆ ಹೊಳೆ ಬಂತು. ಮಹಾರಾಷ್ಟ್ರದ ಕಡೆ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿದ್ದರೂ ಕೃಷ್ಣೆ ಏರುತ್ತಾಳೆ. ನೀರು ಏರುವ ಮೊದಲು, ಹೊಲಕ್ಕೆ ನೀರೆತ್ತುವ ದಂಡೆಯ ಮೋಟಾರುಗಳನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ನಮ್ಮ ಮೋಟಾರು ಮಾವ ತಮ್ಮ ಕೈಯಾರೆ ಕೂಡಿಸಿದ್ದು, ಕಬ್ಬಿಣದ ಗಾಲಿಗಳ ಚೌಕಟ್ಟಿನ ಮೇಲೆ ನಿಂತಿದೆ. ಅದು ಹೊಳೆಪಾಲಾದರೆ ಕಬ್ಬು ಬೇಸಿಗೆಗೆ ಒಣಗಿ ನಿಲ್ಲುತ್ತದೆ. ಮುಂಜಾನೆ ಪಕ್ಕದ ಹೊಲದವರು ದಾರಿಯಿಂದಲೇ ಕೂಗಿದರು: “ತಂಗೀ, ಮ್ಯಾಲ ನೀರ ಬಿಟ್ಟಾರಂತ! ಮಧ್ಯಾಹ್ನದಾಗ ಮೋಟಾರ ಮುಳುಗತಾವ!”

ಕಾರ್ಖಾನೆಗೆ ಫೋನ್ ಮಾಡಿದೆ. “ಗಡಬಡಿ ಮಾಡಬ್ಯಾಡ, ಯಾರದರ ಟ್ರ್ಯಾಕ್ಟರ್ ಬರತೈತಿ, ತಡಿ” ಎಂದರು ಗಂಡ. ಯಾರ ಟ್ರ್ಯಾಕ್ಟರ್? ಇಡೀ ಊರೇ ದಂಡೆಯಲ್ಲಿತ್ತು, ಪ್ರತಿ ಟ್ರ್ಯಾಕ್ಟರಿನ ಹಿಂದೆ ಒಂದೊಂದು ಮೋಟಾರು ಕಾಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸಂಸಾರ ನಮ್ಮದು. ಫೋನ್ ಇಟ್ಟು, ಮಾವನವರನ್ನು ಕೂರಿಸಿಕೊಂಡು ಹೊರಟೆ.

ದಂಡೆಯ ಮೇಲಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಈ ಹಳೆಯ ಗಾಡಿಗೆ ಸಣ್ಣ ಗೇರು ಹಾಕಿದರಷ್ಟೇ ಸಾಲದು. ಮುಂದಿನ ಒಂದೊಂದು ಗಾಲಿಯ ನಟ್ಟನಡುವೆಯೂ ಒಂದು ಬಿಲ್ಲೆ ಇದೆ. ಅದನ್ನು ಕೈಯಿಂದ ತಿರುಗಿಸಿದರೆ ಮಾತ್ರ ಗಾಲಿ ತನ್ನನ್ನು ತಿರುಗಿಸುವ ಒಳಗಿನ ದಂಡಕ್ಕೆ ಕಚ್ಚಿಕೊಳ್ಳುತ್ತದೆ. ತಿರುಗಿಸಿದೆ, ಬಿಗಿಯಾಗಿ ನಿಂತಿತು. ಮಿರಗದ ಮಳೆಯಲ್ಲೂ ಹೀಗೇ ಬಿಗಿಯಾಗಿತ್ತು. ಬಿಗಿಯಾಯಿತೆಂದರೆ ಕಚ್ಚಿತು ಎಂದುಕೊಂಡೆ. ಮೋಟಾರಿಗೆ ಸರಪಳಿ ಬಿಗಿದು ಎಳೆದೆ. ಹಿಂದಿನ ಗಾಲಿ ಕೆಸರು ಉಗುಳಿದವು, ಮುಂದಿನವು ಅಲುಗಲಿಲ್ಲ. ಮತ್ತೆ ಎಳೆದೆ. ಮತ್ತೆ ಅದೇ. ಕೆಳಗಿನ ಜಾಲಿಗಿಡದ ಬುಡಕ್ಕೆ ನೀರು ಬಂದಿತ್ತು.

ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು. ಗಾಡಿಗೆ ಬೈದೆ, ಮೆಕ್ಯಾನಿಕ್‌ಗೆ ಬೈದೆ, ಗಂಡನಿಗೂ ಬೈದೆ. ಬೈದು ಮುಗಿದ ಮೇಲೆ ತಲೆ ಓಡಿತು. ಸರಪಳಿ ಬಿಚ್ಚಿ ಗಾಡಿಯನ್ನು ಸಮ ಜಾಗಕ್ಕೆ ತಂದೆ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಹಲಗೆಯ ಮೇಲೆ ಜಾಕ್ ಇಟ್ಟು ಮುಂದಿನ ಒಂದು ಗಾಲಿ ಎತ್ತಿದೆ. ಇಂಜಿನ್ ಆರಿಸಿ, ದೊಡ್ಡದು, ಸಣ್ಣದು ಎರಡೂ ಗೇರು ಹಾಕಿಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿದೆ. ಕಚ್ಚಿಕೊಂಡಿದ್ದರೆ ಅದು ಅಲುಗಬಾರದಿತ್ತು. ಆದರೆ ಬುಗುರಿಯ ಹಾಗೆ ತಿರುಗಿತು, ಅದರ ಹಿಂದಿನ ದಂಡ ನಿಂತೇ ಇತ್ತು. ಅಂದರೆ ಗೇರಿನಲ್ಲಿ ದೋಷವಿಲ್ಲ, ಗೇರುಪೆಟ್ಟಿಗೆಯಲ್ಲೂ ಇಲ್ಲ. ದೋಷ ಇಲ್ಲೇ, ನನ್ನ ಮೂಗಿನ ಮುಂದಿನ ಬಿಲ್ಲೆಯಲ್ಲಿ.

ಬಿಲ್ಲೆಯ ಮೇಲೆ ಗುರುತಿನ ಗೆರೆ ಇರುತ್ತದೆ, ಅಕ್ಷರ ಇರುತ್ತವೆ. ಒಂದೂ ಕಾಣಲಿಲ್ಲ. ಎಲ್ಲಾ ಕೆಂಪು. ಬಣ್ಣ ಸಂದಿಗಿಳಿದು ಗಟ್ಟಿಯಾಗಿತ್ತು, ಬಿಲ್ಲೆ ಅರ್ಧ ದಾರಿಯಲ್ಲೇ ಸಿಕ್ಕಿ ನಿಲ್ಲುತ್ತಿತ್ತು. ನಾನು ಬಿಗಿ ಎಂದುಕೊಂಡದ್ದು ಮಾವನವರ ಹಬ್ಬವನ್ನು.

ಅವರು ಕೋಲೂರಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. “ಏನಾಗೈತಿ ಯವ್ವಾ?”

“ಏನಿಲ್ರಿ ಮಾವಾರ, ಮಣ್ಣ ಸಿಕ್ಕೈತಿ” ಎಂದು ಸೆರಗನ್ನು ಅಡ್ಡ ಮಾಡಿಕೊಂಡು ಕಳೆ ತೆಗೆಯುವ ಕುರ್ಪಿಯಿಂದ ಕೆರೆಯತೊಡಗಿದೆ. ಕೆರೆದ ಮಣ್ಣು ಕೆಂಪಾಗಿರುತ್ತದೆಯೇ? ಚಕ್ಕೆಗಳು ಕೆಸರಿನಲ್ಲಿ ಬಿದ್ದು ಎದ್ದು ಕಾಣುತ್ತಿದ್ದವು. ಅವರು ಒಂದು ಚಕ್ಕೆ ಎತ್ತಿ ಬೆರಳಲ್ಲಿ ಉಜ್ಜಿ ನೋಡಿದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

“ಹೆರೀಲಾರದ ಹಚ್ಚೀನಿ” ಎಂದರು ಕೊನೆಗೆ. “ಮೊದಲ ಹೆರೀಬೇಕು, ಆಮ್ಯಾಲ ಹಚ್ಚಬೇಕು. ಇಷ್ಟ ವರ್ಷ ಎತ್ತ ಕಟ್ಟಿದಾಂವಗ ಅದೂ ತಿಳೀಲಿಲ್ಲ.” ಕೋಲು ಕೆಳಗಿಟ್ಟು, ಸೋತ ಮೊಣಕಾಲನ್ನು ಕೆಸರಿಗೆ ಊರಿ, ಸೊಂಟದಲ್ಲಿದ್ದ ಚಾಕು ತೆಗೆದು ಇನ್ನೊಂದು ಗಾಲಿಯ ಬಣ್ಣ ಹೆರೆಯತೊಡಗಿದರು. ಬೇಡ ಎನ್ನಲು ಹೊತ್ತಿರಲಿಲ್ಲ. ಬಿಲ್ಲೆಗೆ ಡೀಸೆಲ್ ಸುರಿದು ನೆನೆಸಿ, ಬಟ್ಟೆ ಸುತ್ತಿ ಪಕ್ಕಡದಿಂದ ಹಿಡಿದು ತಿರುವಿದೆ. ಕಟ್ ಎಂದಿತು. ಅವರ ಕಡೆಯದೂ ಕಟ್ ಎಂದಿತು. ಜಾಕ್ ಇಳಿಸಿ, ಸರಪಳಿ ಹಾಕಿ, ಗಾಡಿ ಎಬ್ಬಿಸಿದೆ.

ಮಾವ ದಾರಿಯ ಅಂಚಿಗೆ ನಿಂತು, “ಹೋ ರಾಜಾ, ಹೋ! ಏರು, ಏರು!” ಎಂದು ಕೂಗಿದರು. ಎತ್ತುಗಳಿಗೆ ಕೂಗುತ್ತಿದ್ದ ಹಾಗೇ, ಅದೇ ದನಿಯಲ್ಲಿ. ನಾಲ್ಕೂ ಗಾಲಿ ಮಣ್ಣು ಕಚ್ಚಿದವು. ಮೋಟಾರಿನ ಚೌಕಟ್ಟು ನೀರು ಸುರಿಸುತ್ತಾ ಮೇಲೆ ಬಂತು. ಸ್ಟೇರಿಂಗ್ ಹಿಡಿದು ನಾನು ಅತ್ತುಬಿಟ್ಟೆ, ಅದೂ ಜೋರಾಗಿಯೇ.

ಆ ದಿನದ ಮಾತನ್ನು ಅವರಾಗಲಿ ನಾನಾಗಲಿ ಗಂಡನಿಗೆ ಹೇಳಲಿಲ್ಲ. ಮಣ್ಣು ಸಿಕ್ಕಿತ್ತು ಎಂದೆವು, ಅಷ್ಟೇ.

ಈ ವರ್ಷದ ಕಾರ ಹುಣ್ಣಿಮೆಗೆ ಮಾವ ಗಾಡಿ ತೊಳೆದರು, ಡಬ್ಬಿ ಇಳಿಸಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತರು. ಓಣಿಯಲ್ಲಿ ಬೇರೆಯವರ ಎತ್ತುಗಳು ಗೆಜ್ಜೆ ಕಟ್ಟಿಕೊಂಡು ಹಾದುಹೋಗುತ್ತಿದ್ದವು. ಅವರು ಒಂದನ್ನೂ ನೋಡಲಿಲ್ಲ. ಅಡುಗೆಮನೆಗೂ ಅಂಗಳಕ್ಕೂ ತಿರುಗಿ ತಿರುಗಿ ನನಗೆ ಸಾಕಾಯಿತು. ಕೊನೆಗೆ ನಾನೇ ಅಟ್ಟ ಹತ್ತಿ ಡಬ್ಬಿ ತಂದೆ, ಮುಚ್ಚಳ ಕಿತ್ತು ಕೆನೆಗಟ್ಟಿದ ಬಣ್ಣ ಕಲಕಿದೆ, ಕುಂಚವನ್ನು ಅವರ ಮುಂದೆ ಹಿಡಿದೆ.

ಅವರು ಎದ್ದು ಬಂದರು. ಮೊದಲು ಎರಡೂ ಗಾಲಿಯ ಬಿಲ್ಲೆ ತಿರುಗಿಸಿ ಕಟ್ ಎನ್ನುವುದನ್ನು ಕೇಳಿಸಿಕೊಂಡರು, ಹಿಂದಕ್ಕೆ ತಿರುಗಿಸಿದರು. ಆಮೇಲೆ ಮುಂದಿನ ಬಂಪರಿನ ಎರಡು ತುದಿಗಳನ್ನು ಉಸುಕುಕಾಗದದಿಂದ ಬಹಳ ಹೊತ್ತು ಉಜ್ಜಿದರು. ಕುಂಚ ಅದ್ದಿ, ಕೈ ತಡೆದು, ನನ್ನ ಕಡೆ ನೋಡಿದರು.

“ಇಲ್ಲಿ ಹಚ್ಚಲೇನ ಯವ್ವಾ?”

ಈ ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿ ಮಾಡಿದವರಲ್ಲ ಅವರು.

“ನನ್ನ ಯಾಕ ಕೇಳ್ತೀರಿ ಮಾವಾರ?” ಎಂದೆ. “ಎತ್ತ ನಿಮ್ಮದ ಅಲ್ಲೇನ್ರಿ?”