ಮೋರಿಯ ಹತ್ತಿರದ ಚುಕ್ಕೆಗಳು

ನನ್ನ ನಕ್ಷೆಯನ್ನು ನಂಬುವುದಾದರೆ, ಆ ಊರಿನಲ್ಲಿ ನಡೆದದ್ದೆಲ್ಲ ಹಳ್ಳದ ಮೇಲಿನ ರಸ್ತೆಯ ಒಂದೇ ಮೋರಿಯ ಹತ್ತಿರ ನಡೆದಿದೆ. ಹುಲಿ ದಾಟಿದ್ದು, ಮೊದಲ ಲಾರಿ ಹೂತುಕೊಂಡದ್ದು, ಮದುವೆ ದಿಬ್ಬಣ ಹಳ್ಳ ಇಳಿಯಲೆಂದು ಕಾದು ಕೂತದ್ದು, ಎಲ್ಲ.

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಬಂದು ಶಿರಸಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ಇಂಟರ್‌ನೆಟ್ಟು ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ಕಾಲ. ಪಾಠ ಮುಗಿದ ಮೇಲೆ, ಕರೆಂಟು ಇದ್ದಷ್ಟು ಹೊತ್ತು, ಶಿರಸಿ, ಸಿದ್ದಾಪುರ, ಯಲ್ಲಾಪುರದ ನಕ್ಷೆಯೊಂದನ್ನು ಕಟ್ಟುತ್ತಿದ್ದೆ. ಊರಿನ ಮೇಲೆ ಒತ್ತಿದರೆ ಊರು ದೊಡ್ಡದಾಗಬೇಕು. ಚುಕ್ಕೆಯ ಮೇಲೆ ಒತ್ತಿದರೆ ಅಲ್ಲಿಯವರು ಹೇಳಿದ ಕತೆ ತೆರೆಯಬೇಕು. ಯಾರೂ ಕೇಳಿದ ಕೆಲಸವಲ್ಲ. ಭಾನುವಾರ ಟೇಪ್ ರೆಕಾರ್ಡರ್ ಹಿಡಿದು ಬಸ್ಸು ಹತ್ತುವುದು, ವಾರವಿಡೀ ಅದನ್ನು ಕೇಳಿ ಕೇಳಿ ಬರೆದುಕೊಳ್ಳುವುದು. ಮನೆಗೆ ಬರುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು.

“ದಿನಾ ಎಂತ ಚುಕ್ಕೆ ಇಡ್ತೆ ಕೂಸೇ?” ಎನ್ನುತ್ತಿದ್ದಳು ಅಮ್ಮ. “ರಂಗೋಲಿ ಆಗಿದ್ರೆ ಅಂಗಳದಲ್ಲೇ ಹಾಕ್ಲಾಗಿತ್ತು.”

ಮಂಚಿಕೇರಿಯಲ್ಲಿ ಇಳಿದು ನಡೆದು ಹೋಗಬೇಕಾದ ಆ ಊರಿನಲ್ಲಿ ಕತೆಗೆ ಬರವಿರಲಿಲ್ಲ. ಜಾಗ ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ.

“ಹುಲಿ ಎಲ್ಲಿ ಬಂದಿತ್ತು?” ಎಂದು ಒಬ್ಬ ಮುದುಕನನ್ನು ಕೇಳಿದೆ.

“ಇಲ್ಲೇಯ, ಮೋರಿ ಹತ್ರ.”

“ದಿಬ್ಬಣ ಕೂತದ್ದು?”

“ಅದೂ ಅಲ್ಲೇ.”

“ಹುಲಿ ಬರೋ ಜಾಗದಲ್ಲಿ ದಿಬ್ಬಣ ಕೂರಿಸಿದ್ರಾ?”

“ಹುಲಿಗೂ ಮದುವೆ ಊಟ ಬ್ಯಾಡ್ವನ್ರೀ ಅಕ್ಕೋರೆ?” ಎಂದು ಎಲೆಯಡಿಕೆಯ ಕವಳ ಉಗುಳಿ ನಕ್ಕ. ಕಲಿಸುವವಳೆಂದು ಅಲ್ಲಿ ಎಲ್ಲರೂ ನನ್ನನ್ನು ಅಕ್ಕೋರೇ ಎನ್ನುತ್ತಿದ್ದರು.

ವಯಸ್ಸಾದವರ ಮರೆವು ಎಂದುಕೊಂಡೆ. ಒಬ್ಬ ಹೆಂಗಸು ಮಾತ್ರ ಜಾಗಕ್ಕೇ ಕರೆದುಕೊಂಡು ಹೋದಳು. ಗದ್ದೆಯ ತಲೆಯಲ್ಲಿದ್ದ ಬಾವಿ. ಗಂಡಸರು ಘಟ್ಟದ ಕೆಳಗೆ ಕೆಲಸಕ್ಕೆ ಹೋಗಿದ್ದ ಬೇಸಿಗೆಯಲ್ಲಿ ಅವಳ ಅತ್ತೆ ಒಳಗಿಳಿದು ತೋಡಿದ್ದಳು. ಆಗಿನ್ನೂ ಹೊಸ ಸೊಸೆಯಾಗಿದ್ದ ಇವಳು ಮೇಲೆ ನಿಂತು ಮಣ್ಣು ಎಳೆದಿದ್ದಳು. ನೀರು ಬಂದಾಗ ಅತ್ತೆ ಕೂಗಲಿಲ್ಲವಂತೆ, ಬುಟ್ಟಿಯಲ್ಲಿ ಒದ್ದೆ ಸೀರೆ ಸೆರಗಿನ ಚೂರು ಕಳಿಸಿದಳಂತೆ. ನಾನು ದಿಕ್ಸೂಚಿ ನೋಡಿ, ರಸ್ತೆಯಿಂದ ದೂರ ಅಳೆದು, ಆ ಚುಕ್ಕೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಇಟ್ಟೆ. ಇಡೀ ಊರಿನಲ್ಲಿ ಸರಿಯಾಗಿದ್ದದ್ದು ಅದೊಂದೇ.

ಕೆಲವು ವಾರಗಳ ನಂತರ, ಸಂತೆಯ ದಿನ, ಆ ಹೆಂಗಸು ಸೆಂಟರಿಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಉತ್ಸಾಹದಿಂದ ತೆರೆಯ ಮೇಲೆ ಅವಳ ಬಾವಿ ತೋರಿಸಿದೆ.

“ಸುತ್ತ ಹಸ್ರು ಎಂತಕ್ಕೆ?”

“ಅದು ಕಾಡು. ಸರ್ಕಾರಿ ನಕ್ಷೆಯಲ್ಲಿ ಹಾಗಿದೆ.”

“ಅಂದ್ರೆ ನಮ್ ಬಾವಿ ಕಾಡೊಳಗೆ ಕೂತದೆ.” ತೆರೆಯ ಹತ್ತಿರ ಬಗ್ಗಿದಳು. “ಇದ್ನ ಯಾರ್ ಯಾರ್ ನೋಡ್ತ್ರು?”

“ಎಲ್ಲರೂ ನೋಡಬಹುದು.” ಅಷ್ಟು ದಿನ ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಅದು.

“ಅಕ್ಕೋರೆ, ಆ ಗದ್ದೆ ನಮ್ ಹೆಸ್ರಲ್ಲಿಲ್ಲ. ಮಾವ ಕಾಡು ಕಡಿದು ಮಾಡಿದ್ದು. ಅರ್ಜಿ ಕೊಟ್ಟು ಕೂತೀವಿ. ಫಾರೆಸ್ಟಿನೋರು ಬಂದ್ ಎಬ್ಬಿಸಿದ್ರೆ ಉಂಬೂದು ಎಂತ?”

ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದು ಹೊಸ ಸಂಗತಿಯಲ್ಲ, ನನಗೂ ಅಲ್ಲ. ಎಲ್ಲರೂ ಮೋರಿಯನ್ನೇ ಹೇಳಿದ್ದು ಯಾಕೆ ಎಂಬುದು ಆಗ ತಿಳಿಯಿತು. ಮೋರಿ ಯಾರದೂ ಅಲ್ಲ. ಅಲ್ಲಿಂದ ಯಾರನ್ನೂ ಎಬ್ಬಿಸಲಾಗದು.

“ಕತೆ ಓದಿದರೆ ನೀವು ಎಷ್ಟು ಹಿಂದಿನಿಂದ ಅಲ್ಲಿದ್ದೀರಿ ಅಂತ ಗೊತ್ತಾಗುತ್ತದೆ,” ಎಂದೆ.

“ಕತೆ ಯಾರ್ ಓದ್ತ್ರು? ಚುಕ್ಕಿ ನೋಡ್ತ್ರು.”

“ಹಾಗಾದರೆ ತೆಗೆದುಬಿಡಲಾ?”

“ತೆಗಿಬ್ಯಾಡಿ!” ಎಂದು ನನ್ನ ಕೈ ಹಿಡಿದಳು. “ಅತ್ತೆ ತೋಡಿದ್ದು. ಅವ್ಳ ಹೆಸ್ರಲ್ಲಿ ಮತ್ತೆಂತೂ ಇಲ್ಲ. ಮೋರಿ ಹತ್ರ ಇಡಿ.”

“ಅಲ್ಲಿ ಬಾವಿ ಇಲ್ಲವಲ್ಲ.”

“ಹುಲಿನೂ ಇಲ್ಲ,” ಎಂದಳು.

ನಾನು ಚುಕ್ಕೆಯನ್ನು ಹಿಡಿದೆಳೆದೆ. ಅದು ಹಸಿರು ದಾಟಿ ರಸ್ತೆಗೆ ಬಂದು ಹುಲಿಯ ಚುಕ್ಕೆಯ ಮೇಲೆ ಕೂರುವ ತನಕ ಅವಳು ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ಕೈಚೀಲದಿಂದ ಒಂದು ಸೌತೆಕಾಯಿ ತೆಗೆದು ಕೀಬೋರ್ಡಿನ ಪಕ್ಕ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಒಂದರ ಮೇಲೊಂದು ಕೂತ ಚುಕ್ಕೆಗಳಲ್ಲಿ ಮೇಲಿನದು ಮಾತ್ರ ತೆರೆಯುತ್ತಿತ್ತು. ಸರಿಪಡಿಸಬೇಕಿತ್ತು. ಅವತ್ತಿಗೆ ನನಗೆ ಸಾಕಾಗಿತ್ತು. ಬಾವಿಯನ್ನೇ ಮೇಲೆ ಬಿಟ್ಟು ಕಂಪ್ಯೂಟರ್ ಆರಿಸಿದೆ.